ಟೈಪ್-ಸಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಮಾನಿಟರ್ ಜೋಡಿಸುವುದು: ಕೊಳ್ಳುವ ಮೊದಲಿನಿಂದ ಚಿತ್ರ ಬರುವ ತನಕ

ಡಿಸೆಂಬರ್ ಬಂತೆಂದರೆ ಕಲಬುರಗಿಯ ಗಂಜ್‌ನಲ್ಲಿ (ಕೃಷಿ ಮಾರುಕಟ್ಟೆಯಲ್ಲಿ) ಹೊಸ ತೊಗರಿಯ ಆವಕ ಶುರುವಾಗುತ್ತದೆ. ನಾನು ಅಲ್ಲಿ ಎರಡು ಅಡತಿ ಅಂಗಡಿ ಮತ್ತು ಒಂದು ದಾಲ್ ಮಿಲ್‌ನ ಲೆಕ್ಕ ಬರೆಯುತ್ತೇನೆ. ಆ ದಿನಗಳಲ್ಲಿ ಲ್ಯಾಪ್‌ಟಾಪ್‌ನಲ್ಲಿ ಟ್ಯಾಲಿ, ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ಪೋರ್ಟಲ್ ಮೂರೂ ತೆರೆದಿರಬೇಕು. 15 ಇಂಚಿನ ಪರದೆಯಲ್ಲಿ ಇವನ್ನು ಹಿಂದೆ ಮುಂದೆ ಮಾಡುತ್ತಾ ಕೂತರೆ ಒಬ್ಬ ರೈತನ ಪಟ್ಟಿಯ ಮೊತ್ತ ಇನ್ನೊಬ್ಬನ ಹೆಸರಿಗೆ ಬೀಳುವುದು ದೊಡ್ಡ ಮಾತಲ್ಲ. ಎರಡನೇ ಸ್ಕ್ರೀನ್ ಇಟ್ಟುಕೊಂಡ ಮೇಲೆ ಆ ಭಯ ಹೋಯಿತು. ಕುತ್ತಿಗೆ ನೋವೂ ಕಡಿಮೆಯಾಯಿತು.

ಕಳೆದ ಬೇಸಿಗೆಯಲ್ಲಿ ಅಣ್ಣನ ಮಗಳು ಬೆಂಗಳೂರಿನಿಂದ ಬಂದು ನಮ್ಮ ಮನೆಯಲ್ಲೇ ಕೂತು ಆಫೀಸ್ ಕೆಲಸ ಮಾಡುತ್ತಿದ್ದಳು. ನನ್ನ ಮಾನಿಟರ್‌ಗೆ ಟೈಪ್-ಸಿ ಇದೆ, ಅವಳ ಲ್ಯಾಪ್‌ಟಾಪ್‌ಗೂ ಇದೆ. ಕೈಗೆ ಸಿಕ್ಕ ಕೇಬಲ್ ಹಚ್ಚಿ ಕೂಗಿದಳು: "ಕಾಕಾ, ಚಾರ್ಜ್ ಆಗ್ಲಕತ್ತದ, ಚಿತ್ರ ಬರವಲ್ದು!"

ಲ್ಯಾಪ್‌ಟಾಪ್ ಸರಿ ಇತ್ತು. ಮಾನಿಟರ್ ಕೂಡ ಸರಿ ಇತ್ತು. ಕೇಬಲ್ ಕೂಡ ಕೆಟ್ಟಿರಲಿಲ್ಲ. ಅದು ಫೋನ್ ಚಾರ್ಜರ್ ಜೊತೆ ಬಂದ ಕೇಬಲ್, ಅಷ್ಟೇ. ಅದರೊಳಗೆ ಚಿತ್ರ ಹೋಗುವ ತಂತಿಗಳೇ ಇರಲಿಲ್ಲ. ಟೈಪ್-ಸಿ ವಿಷಯದಲ್ಲಿ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲಿಯೇ. ತುದಿ ನೋಡಿದರೆ ಎಲ್ಲ ಒಂದೇ ಥರ, ಒಳಗೆ ಮಾತ್ರ ಬೇರೆ ಬೇರೆ. ಅದಕ್ಕೇ ಈ ಮಾರ್ಗದರ್ಶಿಯ ಅರ್ಧ ಭಾಗ ಜೋಡಿಸುವ ಮೊದಲು ನೋಡಬೇಕಾದ ಸಂಗತಿಗಳೇ ಆಗಿವೆ.

ಹಂತ 1: ಲ್ಯಾಪ್‌ಟಾಪ್‌ನ ಪೋರ್ಟ್ ಚಿತ್ರ ಕಳಿಸುತ್ತದೆಯೇ?

ಪೋರ್ಟ್ ಅಂದರೆ ಕೇಬಲ್ ಹಚ್ಚುವ ಕಿಂಡಿ. ಟೈಪ್-ಸಿ ಅನ್ನುವುದು ಬರೀ ಅದರ ಆಕಾರದ ಹೆಸರು. 2014ರಲ್ಲಿ ಬಂದ ಈ ಆಕಾರದೊಳಗೆ 24 ಪಿನ್‌ಗಳಿವೆ. ಅವುಗಳಲ್ಲಿ ಏನೇನು ಹರಿಸಬೇಕು ಅನ್ನುವುದು ಲ್ಯಾಪ್‌ಟಾಪ್ ಮಾಡಿದವರಿಗೆ ಬಿಟ್ಟದ್ದು. ಕೆಲವು ಪೋರ್ಟ್‌ನಲ್ಲಿ ಬರೀ ಡೇಟಾ ಹೋಗುತ್ತದೆ. ಕೆಲವುದರಲ್ಲಿ ಡೇಟಾ ಜೊತೆ ಚಾರ್ಜ್ ಆಗುತ್ತದೆ. ಕೆಲವುದರಲ್ಲಿ ಮಾತ್ರ ಡೇಟಾ, ಚಾರ್ಜ್, ಚಿತ್ರ ಮೂರೂ ಹೋಗುತ್ತವೆ.

ಚಿತ್ರ ಹೋಗಬೇಕೆಂದರೆ ಪೋರ್ಟ್‌ಗೆ "ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್" ಇರಬೇಕು. ಟೈಪ್-ಸಿಯಲ್ಲಿ ಜೋರಾಗಿ ಡೇಟಾ ಹೊರುವ ನಾಲ್ಕು ಹಾದಿಗಳಿವೆ. ಆಲ್ಟ್ ಮೋಡ್ ಇರುವ ಲ್ಯಾಪ್‌ಟಾಪ್ ಆ ಹಾದಿಗಳಲ್ಲಿ ಎರಡನ್ನೋ ನಾಲ್ಕನ್ನೋ ಚಿತ್ರಕ್ಕೆ ಬಿಟ್ಟುಕೊಡುತ್ತದೆ. ಮಾನಿಟರ್ ಹಚ್ಚಿದ ಕೂಡಲೇ ಎರಡೂ ಕಡೆಯವು ಮಾತಾಡಿಕೊಂಡು ಇದನ್ನು ತೀರ್ಮಾನಿಸುತ್ತವೆ. ನಾವು ಏನೂ ಒತ್ತಬೇಕಾಗಿಲ್ಲ.

ಇದು ಇದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಮೊದಲು ಪೋರ್ಟ್ ಪಕ್ಕದ ಗುರುತು ನೋಡಿ. ಡಿ ಅಕ್ಷರದೊಳಗೆ ಪಿ ಸೇರಿದ ಚಿಕ್ಕ ಗುರುತಿದ್ದರೆ ಚಿತ್ರ ಹೋಗುತ್ತದೆ. ತುದಿಯಲ್ಲಿ ಬಾಣ ಇರುವ ಮಿಂಚಿನ ಗುರುತಿದ್ದರೆ ಅದು ಥಂಡರ್‌ಬೋಲ್ಟ್ ಅನ್ನುವ ಹೆಚ್ಚು ವೇಗದ ಬಗೆ, ಅದರಲ್ಲೂ ಹೋಗುತ್ತದೆ. ಬಾಣ ಇಲ್ಲದ ಬರೀ ಮಿಂಚು, ಇಲ್ಲವೇ ಬ್ಯಾಟರಿ ಚಿತ್ರ ಇದ್ದರೆ ಅದು ಚಾರ್ಜಿಂಗ್ ವಿಷಯ ಹೇಳುತ್ತಿದೆ. ಅದನ್ನು ನೋಡಿ ಮೋಸ ಹೋಗಬೇಡಿ.

ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಗುರುತೇ ಇರುವುದಿಲ್ಲ. ಆಗ ಲ್ಯಾಪ್‌ಟಾಪ್ ತಿರುಗಿಸಿ ತಳದಲ್ಲಿರುವ ಮಾಡೆಲ್ ನಂಬರ್ ಬರೆದುಕೊಳ್ಳಿ. ಕಂಪನಿಯ ವೆಬ್‌ಸೈಟ್‌ನಲ್ಲಿ ಆ ಮಾಡೆಲ್‌ನ ಪೋರ್ಟ್‌ಗಳ ವಿವರ ತೆಗೆಯಿರಿ. ಅಲ್ಲಿ ಟೈಪ್-ಸಿ ಜೊತೆಗೆ "ಡಿಸ್‌ಪ್ಲೇಪೋರ್ಟ್", "ಥಂಡರ್‌ಬೋಲ್ಟ್" ಅಥವಾ "ಯುಎಸ್‌ಬಿ4" ಅಂತ ಇದ್ದರೆ ನಿಶ್ಚಿಂತೆ. "5 ಜಿಬಿಪಿಎಸ್, ಡೇಟಾ ಮಾತ್ರ" ಅಂತಿದ್ದರೆ (ಜಿಬಿಪಿಎಸ್ ಅಂದರೆ ಡೇಟಾ ಹೋಗುವ ವೇಗದ ಅಳತೆ) ಆ ಪೋರ್ಟ್‌ನಿಂದ ನೇರವಾಗಿ ಚಿತ್ರ ಬರುವುದಿಲ್ಲ. ಇನ್ನೊಂದು ಮಾತು. ಎರಡು ಟೈಪ್-ಸಿ ಇರುವ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಂದರಲ್ಲಿ ಮಾತ್ರ ಚಿತ್ರ ಹೋಗುತ್ತದೆ. ಯಾವುದು ಅಂತ ನೋಡಿಟ್ಟುಕೊಳ್ಳಿ.

ಮ್ಯಾಕ್‌ಬುಕ್ ಏರ್ ಅಥವಾ ಪ್ರೊ ಇದ್ದವರಿಗೆ ಈ ತಲೆಬಿಸಿ ಇಲ್ಲ. ಅವುಗಳ ಟೈಪ್-ಸಿ ಪೋರ್ಟ್‌ಗಳೆಲ್ಲ ಚಿತ್ರ ಕಳಿಸುತ್ತವೆ. ಆದರೆ ಎಂ1 ಮತ್ತು ಎಂ2 ಮ್ಯಾಕ್‌ಬುಕ್ ಏರ್‌ಗೆ ಒಂದೇ ಒಂದು ಹೊರಗಿನ ಸ್ಕ್ರೀನ್ ಹಚ್ಚಬಹುದು. ಎರಡು ಮಾನಿಟರ್ ತರುವ ಆಲೋಚನೆ ಇದ್ದರೆ ಇದು ಮೊದಲೇ ಗೊತ್ತಿರಲಿ.

ಪೋರ್ಟ್ ಚಿತ್ರ ಕಳಿಸುವುದಿಲ್ಲ ಅಂತಾದರೆ? ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ (ಟಿವಿಗಳಲ್ಲಿ ಇರುವಂಥ ಅಗಲದ ಪೋರ್ಟ್) ಇದ್ದರೆ ಸುಮ್ನೆ ಅದನ್ನೇ ಬಳಸಿ. ಟೈಪ್-ಸಿಯೇ ಬೇಕು ಅಂತ ಹಟ ಹಿಡಿಯುವ ಅಗತ್ಯ ಇಲ್ಲ. ಎಚ್‌ಡಿಎಂಐ ಕೂಡ ಇಲ್ಲದಿದ್ದರೆ "ಡಿಸ್‌ಪ್ಲೇಲಿಂಕ್" ಅನ್ನುವ ಬಗೆಯ ಅಡಾಪ್ಟರ್ ಸಿಗುತ್ತದೆ. ಅದು ಸಾಮಾನ್ಯ ಯುಎಸ್‌ಬಿ ಡೇಟಾ ಮೂಲಕವೇ ಚಿತ್ರ ಕಳಿಸುತ್ತದೆ. ಅದಕ್ಕೆ ಡ್ರೈವರ್, ಅಂದರೆ ಅದನ್ನು ನಡೆಸುವ ಚಿಕ್ಕ ಸಾಫ್ಟ್‌ವೇರ್ ಹಾಕಬೇಕು. ಲೆಕ್ಕಪತ್ರ, ಟೈಪಿಂಗ್‌ಗೆ ಚೆನ್ನಾಗಿದೆ. ಗೇಮ್ ಆಡಲು ತರಬೇಡಿ.

ಹಂತ 2: ಮಾನಿಟರ್ ಹಿಂದೆ ಏನೇನಿದೆ?

ಹಿಂದೆ ಬಗ್ಗಿ ನೋಡಿ. ಟೈಪ್-ಸಿ ಇದ್ದರೆ ಒಂದೇ ಕೇಬಲ್‌ನಲ್ಲಿ ಕೆಲಸ ಮುಗಿಯುತ್ತದೆ. ಆದರೆ ಕೆಲವು ಮಾನಿಟರ್‌ಗಳಲ್ಲಿ ಟೈಪ್-ಸಿ ಇರುವುದು ಪೆನ್‌ಡ್ರೈವ್, ಮೌಸ್ ಹಚ್ಚಲಿಕ್ಕಷ್ಟೇ. ಪೋರ್ಟ್ ಹತ್ತಿರ ಡಿಸ್‌ಪ್ಲೇ ಗುರುತಿದೆಯೇ ಅಥವಾ 65 ವ್ಯಾಟ್, 90 ವ್ಯಾಟ್ ಅಂತ ಬರೆದಿದೆಯೇ ನೋಡಿ.

ಟೈಪ್-ಸಿ ಇಲ್ಲದಿದ್ದರೂ ಚಿಂತೆ ಇಲ್ಲ. ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಅನ್ನುವ ಚಿತ್ರದ ಪೋರ್ಟ್ ಬಹುತೇಕ ಎಲ್ಲದರಲ್ಲೂ ಇರುತ್ತದೆ. ನಮ್ಮ ಭಾಗದ ಕಾಲೇಜುಗಳಲ್ಲಿ ಇನ್ನೂ ಹಳೆಯ ಪ್ರೊಜೆಕ್ಟರ್‌ಗಳಿವೆ. ಅವಕ್ಕೆ ನೀಲಿ ಬಣ್ಣದ, 15 ಪಿನ್‌ನ ವಿಜಿಎ ಬೇಕು. ಪಾಠ ಮಾಡಲು ಲ್ಯಾಪ್‌ಟಾಪ್ ಒಯ್ಯುವ ಮೇಷ್ಟ್ರುಗಳು ಎಚ್‌ಡಿಎಂಐ ಮತ್ತು ವಿಜಿಎ ಎರಡೂ ಇರುವ ಅಡಾಪ್ಟರ್ ಒಂದನ್ನು ಬ್ಯಾಗ್‌ನಲ್ಲಿ ಇಟ್ಟುಕೊಂಡರೆ ಯಾವ ಕ್ಲಾಸ್‌ರೂಮ್‌ನಲ್ಲೂ ಪೇಚಾಟ ಇರುವುದಿಲ್ಲ. ವಿಜಿಎಯಲ್ಲಿ ಧ್ವನಿ ಹೋಗುವುದಿಲ್ಲ ಅನ್ನುವುದು ನೆನಪಿರಲಿ. ವಿಡಿಯೋ ತೋರಿಸುವುದಾದರೆ ಸ್ಪೀಕರ್ ಬೇರೆ ಬೇಕು.

ಹಂತ 3: ಕೇಬಲ್ ಅಥವಾ ಅಡಾಪ್ಟರ್ ಆರಿಸುವುದು

ಇಲ್ಲಿ ನಿಧಾನವಾಗಿ ಓದಿ.

ಎರಡೂ ಕಡೆ ಟೈಪ್-ಸಿ ಇದ್ದರೆ ಟೈಪ್-ಸಿಯಿಂದ ಟೈಪ್-ಸಿ ಕೇಬಲ್ ಬೇಕು. ಆದರೆ ಫೋನ್ ಚಾರ್ಜರ್ ಜೊತೆ ಬರುವ ಕೇಬಲ್‌ಗಳು ಬಹುತೇಕ ಯುಎಸ್‌ಬಿ 2.0, ಅಂದರೆ 480 ಎಂಬಿಪಿಎಸ್ ಮಾತ್ರ. ಅವುಗಳಲ್ಲಿ ಚಾರ್ಜ್ ತಂತಿ ಇರುತ್ತದೆ, ಮೇಲೆ ಹೇಳಿದ ನಾಲ್ಕು ಜೋರಿನ ಹಾದಿಗಳು ಇರುವುದಿಲ್ಲ. "100 ವ್ಯಾಟ್ ಫಾಸ್ಟ್ ಚಾರ್ಜ್" ಅಂತ ದೊಡ್ಡದಾಗಿ ಬರೆದಿದ್ದರೂ ಅಷ್ಟೇ. ವ್ಯಾಟ್ ಜಾಸ್ತಿ ಇದ್ದ ಮಾತ್ರಕ್ಕೆ ಚಿತ್ರ ಹೋಗುವುದಿಲ್ಲ, ಎರಡೂ ಬೇರೆ ಬೇರೆ ಗುಣ.

ಅಂಗಡಿಯಲ್ಲಿ ಹೀಗೆ ಕೇಳಿ: "ಅಣ್ಣಾ, ಟೈಪ್-ಸಿ ಟು ಟೈಪ್-ಸಿ, ವಿಡಿಯೋ ಸಪೋರ್ಟ್ ಇರೋದು ಬೇಕು, 10 ಜಿಬಿಪಿಎಸ್ ಇಲ್ಲಾ ಅದಕ್ಕಿಂತ ಮ್ಯಾಲಿಂದು ಕೊಡ್ರಿ." ಪ್ಯಾಕೆಟ್ ಮೇಲೆ 10, 20 ಅಥವಾ 40 ಜಿಬಿಪಿಎಸ್ ಅಂತಲೋ, 4ಕೆ ವಿಡಿಯೋ ಅಂತಲೋ ಇರಬೇಕು. ಕೇಬಲ್ ಕೈಯಲ್ಲಿ ಹಿಡಿದರೆ ಸ್ವಲ್ಪ ದಪ್ಪ, ಬಿರುಸು ಅನ್ನಿಸುತ್ತದೆ. ಒಳಗೆ ತಂತಿ ಜಾಸ್ತಿ ಇರುವುದರಿಂದ ಹಾಗೆ. ಉದ್ದ ಒಂದು ಮೀಟರ್ ಸಾಕು, ಎರಡು ಮೀಟರ್ ದಾಟಿದರೆ ಚಿತ್ರ ಮಿಣುಕುವ ತೊಂದರೆ ಹೆಚ್ಚು. ಲ್ಯಾಪ್‌ಟಾಪ್ ಒಯ್ದು ಅಂಗಡಿಯಲ್ಲೇ ಹಚ್ಚಿ ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಗಳಲ್ಲಿ ನಾನು ಹಾಗೇ ಮಾಡುತ್ತೇನೆ, ಯಾರೂ ಬೇಡ ಅಂದಿಲ್ಲ.

ಕೇಬಲ್ ಮೂಲಕ ಲ್ಯಾಪ್‌ಟಾಪ್ ಚಾರ್ಜ್ ಕೂಡ ಆಗಬೇಕೆಂದರೆ ವ್ಯಾಟ್ ಲೆಕ್ಕವೂ ಬೇಕು. ಸಾಮಾನ್ಯ ಕೇಬಲ್ 3 ಆಂಪಿಯರ್ ಹೊರುತ್ತದೆ, 20 ವೋಲ್ಟ್‌ನಲ್ಲಿ ಅದು 60 ವ್ಯಾಟ್. 100 ವ್ಯಾಟ್‌ಗೆ 5 ಆಂಪಿಯರ್‌ನ ಕೇಬಲ್ ಬೇಕು. ಅದರ ತುದಿಯಲ್ಲಿ ಒಂದು ಪುಟ್ಟ ಚಿಪ್ ಇರುತ್ತದೆ. ತಾನು ಎಷ್ಟು ತಾಳಬಲ್ಲೆ ಅಂತ ಅದು ಚಾರ್ಜರ್‌ಗೆ ಹೇಳುತ್ತದೆ.

ಮಾನಿಟರ್‌ನಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ಟೈಪ್-ಸಿಯಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ ಅಥವಾ ಅಡಾಪ್ಟರ್ ತನ್ನಿ. ಇದು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಲ್ಯಾಪ್‌ಟಾಪ್‌ನ ಎಚ್‌ಡಿಎಂಐನಿಂದ ಮಾನಿಟರ್‌ನ ಟೈಪ್-ಸಿಗೆ ಇದನ್ನೇ ತಿರುಗಿಸಿ ಹಚ್ಚಿದರೆ ಏನೂ ಬರುವುದಿಲ್ಲ.

ಮಾನಿಟರ್ 1080ಪಿ, ಅಂದರೆ 1920 × 1080 ಚುಕ್ಕೆಗಳದ್ದು ಇದ್ದರೆ ಯಾವ ಒಳ್ಳೆಯ ಅಡಾಪ್ಟರ್ ಆದರೂ ನಡೆಯುತ್ತದೆ. ಅದಕ್ಕಿಂತ ನಾಲ್ಕು ಪಟ್ಟು ಚುಕ್ಕೆಗಳ 4ಕೆ ಮಾನಿಟರ್ ಇದ್ದವರು ಮಾತ್ರ ಪ್ಯಾಕೆಟ್ ಮೇಲೆ "4ಕೆ 60 ಹರ್ಟ್ಜ್" ಅಂತ ಇದೆಯೇ ನೋಡಬೇಕು. ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಅನ್ನುವ ಲೆಕ್ಕ. ಬರೀ "4ಕೆ" ಅಂತಿದ್ದರೆ ಅದು 30 ಹರ್ಟ್ಜ್ ಇರುವ ಸಾಧ್ಯತೆ ಜಾಸ್ತಿ. 30 ಹರ್ಟ್ಜ್‌ನಲ್ಲಿ ಮೌಸ್ ಬಾಣ ಎಳೆದೆಳೆದು ಹೋಗುತ್ತದೆ. ದಿನವಿಡೀ ಅದರ ಮುಂದೆ ಕೂತರೆ ಕಣ್ಣಿಗೆ ಹಿಂಸೆ.

ಮೌಸ್, ಪೆನ್‌ಡ್ರೈವ್, ಎಚ್‌ಡಿಎಂಐ, ಚಾರ್ಜಿಂಗ್ ಎಲ್ಲ ಒಂದರಲ್ಲೇ ಇರುವ ಹಬ್‌ಗಳಲ್ಲೂ ಇದೇ ತೊಂದರೆ. ಅಲ್ಲಿ ನಾಲ್ಕು ಹಾದಿಗಳಲ್ಲಿ ಎರಡು ಯುಎಸ್‌ಬಿ ಡೇಟಾಕ್ಕೆ ಹೋಗುತ್ತವೆ, ಚಿತ್ರಕ್ಕೆ ಎರಡೇ ಉಳಿಯುತ್ತವೆ. ಡಿಸ್‌ಪ್ಲೇಪೋರ್ಟ್‌ನ 1.2 ಆವೃತ್ತಿ ಇರುವ ಹಳೆಯ ಲ್ಯಾಪ್‌ಟಾಪ್ ಆ ಎರಡು ಹಾದಿಗಳಲ್ಲಿ 4ಕೆಯನ್ನು 30 ಹರ್ಟ್ಜ್‌ನಲ್ಲಷ್ಟೇ ಕಳಿಸಬಲ್ಲದು. 1.4 ಇರುವುದು 60ರ ತನಕ ಹೋಗುತ್ತದೆ. ಹಬ್ ಮೇಲೆ 60 ಅಂತ ಬರೆದಿದ್ದರೂ ಮನೆಯಲ್ಲಿ 30 ಬಂತು ಅಂತ ಬೇಜಾರಾಗುವವರು ಮೊದಲು ತಮ್ಮ ಲ್ಯಾಪ್‌ಟಾಪ್ ಯಾವುದು ಅಂತ ನೋಡಬೇಕು.

ಹಂತ 4: ಜೋಡಿಸುವುದು

ಮಾನಿಟರ್‌ಗೆ ಕರೆಂಟ್ ಕೊಟ್ಟು ಆನ್ ಮಾಡಿ. ಲ್ಯಾಪ್‌ಟಾಪ್ ಆನ್ ಇರಲಿ. ಕೇಬಲ್‌ನ ಒಂದು ತುದಿ ಮಾನಿಟರ್‌ಗೆ, ಇನ್ನೊಂದು ಲ್ಯಾಪ್‌ಟಾಪ್‌ಗೆ ಪೂರ್ತಿ ಒಳಗೆ ಹೋಗುವಂತೆ ಹಚ್ಚಿ. ಟೈಪ್-ಸಿಯನ್ನು ಮೇಲೆ ಕೆಳಗೆ ಹೇಗೆ ಹಾಕಿದರೂ ನಡೆಯುತ್ತದೆ. ಗಂಜ್‌ನಂಥ ಧೂಳಿನ ಜಾಗದಲ್ಲಿ ಪೋರ್ಟ್ ಒಳಗೆ ಹೊಟ್ಟು, ದಾರದ ಎಳೆ ಸೇರಿಕೊಂಡು ಪ್ಲಗ್ ಪೂರ್ತಿ ಕೂರುವುದಿಲ್ಲ. ಲ್ಯಾಪ್‌ಟಾಪ್ ಆಫ್ ಮಾಡಿ, ಒಣಗಿದ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಸೂಜಿ, ಪಿನ್ ಮಾತ್ರ ಬೇಡ.

ಆಮೇಲೆ ಮಾನಿಟರ್‌ನ ಬಟನ್ ಒತ್ತಿ "ಇನ್‌ಪುಟ್" ಅಥವಾ "ಸೋರ್ಸ್" ಮೆನು ತೆರೆಯಿರಿ. ಯಾವುದರಲ್ಲಿ ಹಚ್ಚಿದ್ದೀರೋ ಅದನ್ನೇ ಆರಿಸಿ: ಟೈಪ್-ಸಿ, ಎಚ್‌ಡಿಎಂಐ 1, ಎಚ್‌ಡಿಎಂಐ 2. "ನೋ ಸಿಗ್ನಲ್" ಅಂತ ಗಾಬರಿಯಾಗಿ ಫೋನ್ ಮಾಡುವವರಲ್ಲಿ ಎಷ್ಟೋ ಜನರ ಸಮಸ್ಯೆ ಇಷ್ಟಕ್ಕೇ ಮುಗಿದಿದೆ.

ಹಂತ 5: ಚಿತ್ರ ಹೇಗೆ ಹಂಚಿಕೊಳ್ಳಬೇಕು ಅಂತ ಹೇಳುವುದು

ವಿಂಡೋಸ್‌ನಲ್ಲಿ ವಿಂಡೋಸ್ ಕೀ ಹಿಡಿದು ಪಿ ಒತ್ತಿ. ನಾಲ್ಕು ಆಯ್ಕೆ ಬರುತ್ತವೆ. "ಡುಪ್ಲಿಕೇಟ್" ಅಂದರೆ ಎರಡರಲ್ಲೂ ಒಂದೇ ಚಿತ್ರ, ಪ್ರೊಜೆಕ್ಟರ್‌ಗೆ ಇದು ಸರಿ. "ಎಕ್ಸ್‌ಟೆಂಡ್" ಅಂದರೆ ಎರಡೂ ಸೇರಿ ಒಂದು ದೊಡ್ಡ ಮೇಜು ಇದ್ದ ಹಾಗೆ. ಲೆಕ್ಕ ಬರೆಯುವವರಿಗೆ, ಕೋಡ್ ಬರೆಯುವವರಿಗೆ, ಮದುವೆ ಪತ್ರಿಕೆ ಮಾಡುವ ಡಿಟಿಪಿ ಅಂಗಡಿಯವರಿಗೆ ಇದೇ ಬೇಕು. "ಸೆಕೆಂಡ್ ಸ್ಕ್ರೀನ್ ಓನ್ಲಿ" ಆರಿಸಿದರೆ ಲ್ಯಾಪ್‌ಟಾಪ್ ಪರದೆ ಆರಿ ಮಾನಿಟರ್ ಮಾತ್ರ ಉರಿಯುತ್ತದೆ. ಇನ್ನುಳಿದ ಒಂದು, ಲ್ಯಾಪ್‌ಟಾಪ್‌ನ ಪರದೆ ಮಾತ್ರ.

ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇಗೆ ಹೋಗಿ. 1, 2 ಅಂತ ಎರಡು ಚೌಕ ಕಾಣುತ್ತವೆ. ಮೇಜಿನ ಮೇಲೆ ಮಾನಿಟರ್ ಎಡಕ್ಕಿದ್ದರೆ ಅದರ ಚೌಕವನ್ನೂ ಎಳೆದು ಎಡಕ್ಕೆ ಇಡಿ. ಇದನ್ನು ಬಿಟ್ಟರೆ ಮೌಸ್ ಬಲಗಡೆಯಿಂದ ದಾಟುತ್ತದೆ, ಕಣ್ಣು ಎಡಕ್ಕೆ ಹುಡುಕುತ್ತದೆ. ಒಂದು ವಿಂಡೋವನ್ನು ಈ ಪರದೆಯಿಂದ ಆ ಪರದೆಗೆ ಕಳಿಸಲು ವಿಂಡೋಸ್ ಕೀ, ಶಿಫ್ಟ್, ಎಡ ಅಥವಾ ಬಲ ಬಾಣ ಒಟ್ಟಿಗೆ ಒತ್ತಿ. ದಿನಕ್ಕೆ ನೂರು ಸಲ ಬೇಕಾಗುವ ಕೀ ಇದು.

ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಸ್‌ನಲ್ಲಿ ಇವೆಲ್ಲ ಇವೆ. ಉಬುಂಟುವಿನಲ್ಲೂ ಸೆಟ್ಟಿಂಗ್ಸ್ ಒಳಗೆ ಡಿಸ್‌ಪ್ಲೇಸ್, ಅಲ್ಲಿ "ಜಾಯಿನ್" ಅಥವಾ "ಮಿರರ್" ಆರಿಸಿದರೆ ಆಯಿತು.

ಹಂತ 6: ಅಕ್ಷರ ಸ್ವಚ್ಛವಾಗಿ ಕಾಣುವಂತೆ ಮಾಡುವುದು

ಕನ್ನಡ ಓದುವವರಿಗೆ ಈ ಹಂತ ಬಹಳ ಮುಖ್ಯ. ಇಂಗ್ಲಿಷ್ ಅಕ್ಷರ ಸ್ವಲ್ಪ ಮಸುಕಾದರೂ ಓದಬಹುದು. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಪುಟ್ಟದಾಗಿ ಕೂತಿರುತ್ತವೆ, "ಲಕ್ಷ್ಮಿ", "ರಾಷ್ಟ್ರ" ಅಂಥ ಪದಗಳಲ್ಲಿ ಅವು ಕಲಸಿದಂತೆ ಕಾಣುತ್ತವೆ.

ಅದೇ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಹೊಸ ಮಾನಿಟರ್‌ನ ಚೌಕ ಆರಿಸಿ, ರೆಸಲ್ಯೂಷನ್‌ನಲ್ಲಿ "ರೆಕಮಂಡೆಡ್" ಅಂತ ಇರುವುದನ್ನೇ ಇಡಿ. ಅಕ್ಷರ ಸಣ್ಣದಾಯಿತು ಅಂತ ರೆಸಲ್ಯೂಷನ್ ಇಳಿಸಬೇಡಿ, ಎಲ್ಲ ಮಸುಕಾಗುತ್ತದೆ. ಅದರ ಬದಲು "ಸ್ಕೇಲ್" ಅನ್ನು 125 ಅಥವಾ 150 ಪರ್ಸೆಂಟ್ ಮಾಡಿ. ನಂತರ "ಅಡ್ವಾನ್ಸ್‌ಡ್ ಡಿಸ್‌ಪ್ಲೇ" ಒಳಗೆ ಹೋಗಿ ರಿಫ್ರೆಶ್ ರೇಟ್ 60 ಅಥವಾ ಅದಕ್ಕಿಂತ ಮೇಲೆ ಇದೆಯೇ ನೋಡಿ. ವಿಂಡೋಸ್‌ನ ಹುಡುಕುವ ಜಾಗದಲ್ಲಿ "ಕ್ಲಿಯರ್‌ಟೈಪ್" ಅಂತ ಹಾಕಿದರೆ ಅಕ್ಷರ ತಿದ್ದುವ ಚಿಕ್ಕ ಪ್ರೋಗ್ರಾಂ ಬರುತ್ತದೆ. ಅದು ತೋರಿಸುವ ಮಾದರಿಗಳಲ್ಲಿ ನಿಮ್ಮ ಕಣ್ಣಿಗೆ ಹಿತವಾದದ್ದನ್ನು ಆರಿಸುತ್ತಾ ಹೋಗಿ.

ಮನೆಯ ಟಿವಿಯನ್ನೇ ಮಾನಿಟರ್ ಮಾಡಿಕೊಂಡವರಿಗೆ ಎರಡು ತೊಂದರೆ ಬರುತ್ತವೆ. ಒಂದು, ಅಂಚು ಕತ್ತರಿಸಿ ಕೆಳಗಿನ ಟಾಸ್ಕ್‌ಬಾರ್ ಮರೆಯಾಗುತ್ತದೆ. ಟಿವಿಯ ಪಿಕ್ಚರ್ ಸೈಜ್ ಮೆನುವಿನಲ್ಲಿ "ಸ್ಕ್ರೀನ್ ಫಿಟ್" ಅಥವಾ "ಜಸ್ಟ್ ಸ್ಕ್ಯಾನ್" ಹಾಕಿ. ಎರಡು, ಅಕ್ಷರದ ಸುತ್ತ ಬಣ್ಣದ ನೆರಳು ಕಾಣುತ್ತದೆ. ಆ ಎಚ್‌ಡಿಎಂಐ ಇನ್‌ಪುಟ್‌ನ ಹೆಸರನ್ನು "ಪಿಸಿ" ಅಂತ ಬದಲಿಸಿ. ಎಷ್ಟೋ ಟಿವಿಗಳಲ್ಲಿ ಹೆಸರು ಬದಲಿಸಿದ ಕೂಡಲೇ ಅಕ್ಷರ ತಿಳಿಯಾಗುತ್ತದೆ.

ಧ್ವನಿ ಟಿವಿಗೆ ಹೋಗಿ ಲ್ಯಾಪ್‌ಟಾಪ್ ಮೂಕವಾದರೆ ಟಾಸ್ಕ್‌ಬಾರ್‌ನ ಸ್ಪೀಕರ್ ಗುರುತು ಒತ್ತಿ ಬೇಕಾದ ಸ್ಪೀಕರ್ ಆರಿಸಿ.

ಕರೆಂಟ್ ಮತ್ತು ಬಿಸಿಲು

ಟೈಪ್-ಸಿ ಮಾನಿಟರ್ 65 ವ್ಯಾಟ್ ಕೊಡುತ್ತದೆ, ನಿಮ್ಮ ಲ್ಯಾಪ್‌ಟಾಪ್‌ನ ಚಾರ್ಜರ್ ಮೇಲೆ 65 ವ್ಯಾಟ್ ಅಥವಾ ಕಡಿಮೆ ಇದೆ ಅಂದರೆ ಬೇರೆ ಚಾರ್ಜರ್ ಬೇಕಿಲ್ಲ. ಗ್ರಾಫಿಕ್ಸ್ ಕಾರ್ಡ್ ಇರುವ ದೊಡ್ಡ ಲ್ಯಾಪ್‌ಟಾಪ್ ಇದಕ್ಕಿಂತ ಜಾಸ್ತಿ ಎಳೆಯುತ್ತದೆ. ಅದಕ್ಕೆ ಅದರ ಚಾರ್ಜರ್ ಹಚ್ಚಿಯೇ ಇಡಿ.

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆಯುತ್ತದೆ, ಮಾನಿಟರ್ ಆರುತ್ತದೆ. ಆ ಪರದೆಯಲ್ಲಿದ್ದ ವಿಂಡೋಗಳು ಲ್ಯಾಪ್‌ಟಾಪ್ ಪರದೆಗೆ ತಾವೇ ಬಂದು ಸೇರುತ್ತವೆ, ಕೆಲಸ ಕಳೆಯುವುದಿಲ್ಲ. ಇನ್ವರ್ಟರ್ ಇದ್ದರೆ ಮಾನಿಟರ್‌ನ ಪ್ಲಗ್ ಅದಕ್ಕೇ ಇರಲಿ. ಗುಡುಗು ಸಿಡಿಲು ಶುರುವಾದರೆ ಪ್ಲಗ್ ಕಿತ್ತಿಡಿ. ಲ್ಯಾಪ್‌ಟಾಪ್‌ನ ಲೋಹದ ಮೈ ಮುಟ್ಟಿದಾಗ ಜುಮ್ಮೆನ್ನುತ್ತದೆಯೇ? ಬಹುಮಟ್ಟಿಗೆ ಅರ್ಥಿಂಗ್ ಇಲ್ಲದ ಪ್ಲಗ್ ಅದಕ್ಕೆ ಕಾರಣ. ಮೂರು ಪಿನ್‌ನ ಸಾಕೆಟ್‌ಗೆ ಹಚ್ಚಿ, ಆಗಲೂ ನಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಇದನ್ನು ತಡ ಮಾಡಬೇಡಿ.

ಲ್ಯಾಪ್‌ಟಾಪ್ ಮುಚ್ಚಿಟ್ಟು ಮಾನಿಟರ್‌ನಲ್ಲೇ ಕೆಲಸ ಮಾಡಬಹುದು. ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಶನ್ಸ್‌ನಲ್ಲಿ, ಮುಚ್ಚಿದಾಗ "ಡು ನಥಿಂಗ್" ಅಂತ ಆರಿಸಬೇಕು. ಆದರೆ ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಎಸಿ, ಕೂಲರ್ ಇಲ್ಲದ ಕೋಣೆಯಲ್ಲಿ ಆ ಎರಡು ತಿಂಗಳು ಮುಚ್ಚಿಡಬೇಡಿ ಅನ್ನುತ್ತೇನೆ. ತೆರೆದಿಟ್ಟರೆ ಕೀಬೋರ್ಡ್ ಕಡೆಯಿಂದಲೂ ಸ್ವಲ್ಪ ಬಿಸಿ ಹೊರಗೆ ಹೋಗುತ್ತದೆ. ಹಬ್ ಕೈಗೆ ಬೆಚ್ಚಗಾಗುವುದು ಸಹಜ. ಮುಟ್ಟಲಾರದಷ್ಟು ಸುಡುತ್ತಿದ್ದರೆ ಮಾತ್ರ ತೆಗೆದುಬಿಡಿ.

ಚಿತ್ರ ಬರದಿದ್ದರೆ

ಈ ಕ್ರಮದಲ್ಲೇ ನೋಡಿ, ಸುಲಭದ್ದು ಮೊದಲು. ಮಾನಿಟರ್‌ನ ಇನ್‌ಪುಟ್ ಸರಿ ಇದೆಯೇ? ಕೇಬಲ್ ಎರಡೂ ಕಡೆ ಕಿತ್ತು ಹತ್ತು ಸೆಕೆಂಡ್ ಬಿಟ್ಟು ಹಚ್ಚಿ. ವಿಂಡೋಸ್ ಕೀ ಮತ್ತು ಪಿ ಒತ್ತಿ ಎಕ್ಸ್‌ಟೆಂಡ್ ಆರಿಸಿ. ಲ್ಯಾಪ್‌ಟಾಪ್‌ನ ಇನ್ನೊಂದು ಟೈಪ್-ಸಿ ಪೋರ್ಟ್‌ಗೆ ಹಚ್ಚಿ. ಆಮೇಲೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕು ಕೀ ಒಟ್ಟಿಗೆ ಒತ್ತಿ. ಪರದೆ ಒಂದು ಕ್ಷಣ ಕಪ್ಪಾಗಿ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ತೆರೆದ ಫೈಲ್‌ಗಳಿಗೆ ಏನೂ ಆಗುವುದಿಲ್ಲ.

ಇಷ್ಟಕ್ಕೂ ಬರದಿದ್ದರೆ ಕೇಬಲ್ ಬದಲಿಸಿ ನೋಡಿ. ಡಿಸ್‌ಪ್ಲೇ ಕನೆಕ್ಷನ್ ಸೀಮಿತವಾಗಿರಬಹುದು ಅನ್ನುವ ಸಂದೇಶ ವಿಂಡೋಸ್‌ನ ಮೂಲೆಯಲ್ಲಿ ಬಂದರೆ ಪೋರ್ಟ್‌ನಲ್ಲಿ ಚಿತ್ರದ ಸೌಲಭ್ಯ ಇಲ್ಲದಿರಬಹುದು, ಇಲ್ಲವೇ ಕೇಬಲ್ ತಕ್ಕದ್ದಲ್ಲ. ಮತ್ತೆ ಹಂತ 1ಕ್ಕೆ ಹೋಗಿ. ಎಲ್ಲ ಸರಿ ಇದ್ದೂ ಬರದಿದ್ದರೆ ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟ್‌ನಿಂದ ಗ್ರಾಫಿಕ್ಸ್ ಡ್ರೈವರ್ ಮತ್ತು ಬಯೋಸ್ (ಲ್ಯಾಪ್‌ಟಾಪ್ ಶುರುವಾಗುವಾಗ ಮೊದಲು ಓಡುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಹಾಕಿ. ಬಯೋಸ್ ಅಪ್‌ಡೇಟ್ ನಡೆಯುವಾಗ ಚಾರ್ಜರ್ ಹಚ್ಚಿರಬೇಕು, ಬ್ಯಾಟರಿ ತುಂಬಿರಬೇಕು.

ಚಿತ್ರ ಬಂದು ಬಂದು ಹೋಗುತ್ತಿದ್ದರೆ ಕೇಬಲ್ ಉದ್ದ ಹೆಚ್ಚಾಗಿದೆ ಅಥವಾ ಹಬ್‌ಗೆ ಕರೆಂಟ್ ಸಾಲುತ್ತಿಲ್ಲ. ಹಬ್‌ನ ಚಾರ್ಜಿಂಗ್ ಪೋರ್ಟ್‌ಗೆ ಚಾರ್ಜರ್ ಹಚ್ಚಿ ನೋಡಿ. ಹಬ್ ಹಚ್ಚಿದಾಗಿನಿಂದ ವೈಫೈ ನಿಧಾನವಾಗಿದೆಯೇ? ಯುಎಸ್‌ಬಿ 3 ಸಾಧನಗಳು 2.4 ಗಿಗಾಹರ್ಟ್ಜ್ ವೈಫೈಗೆ ಅಡ್ಡ ಬರುತ್ತವೆ. ಹಬ್ ಅನ್ನು ಲ್ಯಾಪ್‌ಟಾಪ್‌ನಿಂದ ಒಂದು ಗೇಣು ದೂರ ಇಡಿ, ಇಲ್ಲವೇ 5 ಗಿಗಾಹರ್ಟ್ಜ್ ವೈಫೈಗೆ ಹೋಗಿ.

ಕೊನೆಯ ಕೆಲಸ

ಚಿತ್ರ ಬಂದ ಕೇಬಲ್‌ಗೆ ಅವತ್ತೇ ಒಂದು ಗುರುತು ಹಾಕಿ. ಮನೆಯಲ್ಲಿ ಟೈಪ್-ಸಿ ಕೇಬಲ್‌ಗಳು ಒಂದರಲ್ಲೊಂದು ಬೆರೆತರೆ ಮತ್ತೆ ಯಾವುದು ಯಾವುದೋ ತಿಳಿಯುವುದಿಲ್ಲ. ಅಣ್ಣನ ಮಗಳು ತನ್ನ ಕೇಬಲ್‌ನ ಎರಡೂ ತುದಿಗೆ ಕೆಂಪು ದಾರ ಸುತ್ತಿದಳು. ನನ್ನದಕ್ಕೂ ಸುತ್ತಿಕೊಟ್ಟು ಹೋದಳು. ಆ ದಾರ ಇದ್ದ ಕೇಬಲ್‌ಗೆ ನಮ್ಮ ಮನೆಯಲ್ಲಿ ಯಾರೂ ಫೋನ್ ಹಚ್ಚುವುದಿಲ್ಲ.